ಜೀರುಂಡೆ ಸುಮ್ಮನಾದ ಜಾಗ

ಇದನ್ನು ಕೇಳಿದವರೆಲ್ಲ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಒಂದು ಕಾರಣ ಹೇಳುತ್ತಾರೆ. ಕಾಡುಹಂದಿ ಇರಬೇಕು ಅಂತ ಒಬ್ಬರು. ಹೆದರಿಕೆಗೆ ಹಾಗೆ ಅನ್ನಿಸಿರಬೇಕು ಅಂತ ಇನ್ನೊಬ್ಬರು. ಕೇಳಿ ಕೇಳಿ ಸಾಕಾಗಿದೆ. ಆ ಸಂಜೆ ಆ ಅಡವಿಯೊಳಗೆ ನಿಂತಿದ್ದವಳು ನಾನು, ಈ ಎರಡು ಕಿವಿಯಿಂದ ಕೇಳಿದವಳು ನಾನು. ಒಂದು ಮಾತನ್ನೂ ಸೇರಿಸಿ ಹೇಳುತ್ತಿಲ್ಲ. ಸೇರಿಸುವವಳಾಗಿದ್ದರೆ ಕೊನೆಗೆ ಒಂದು ಉತ್ತರವನ್ನು ಸೇರಿಸಿಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದೆ.

ನನ್ನ ತವರು ಮುನವಳ್ಳಿ. ಕೊಟ್ಟಿದ್ದು ಬೈಲಹೊಂಗಲಕ್ಕೆ. ಬಜಾರದಲ್ಲಿ ನಮ್ಮ ಮಾವನವರದು ಅರಿವೆ ಅಂಗಡಿ. ಈಗ ನಮ್ಮ ಮನೆಯವರು, ಈರಣ್ಣ, ಅಂಗಡಿ ನೋಡಿಕೊಂಡರೂ ಮಾವನವರು ದಿನಾ ಹೋಗಿ ಗಾದಿಯ ಮೇಲೆ ಕೂತೇ ಕೂರುತ್ತಾರೆ. ಕಿವಿ ಮಾತ್ರ ಪೂರ್ತಿ ಮಂದ. ಮಷೀನು ಹಾಕಿಕೊಂಡರೆ ಕೇಳಿಸುತ್ತದೆ, ತೆಗೆದರೆ ಬಾಗಿಲು ಮುರಿದರೂ ಗೊತ್ತಾಗುವುದಿಲ್ಲ. ತಲೆಗೆ ಏನೂ ಆಗಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ.

ನಾನೆಂದರೆ ಅವರಿಗೆ ಬಹಳ ಅಕ್ಕರೆ. ಅಂಗಡಿಯಿಂದ ಬರುವಾಗ ಓಣಿಯ ತಿರುವಿನಲ್ಲೇ "ಸುಮವ್ವಾ..." ಅಂತ ಕೂಗು ಹಾಕುತ್ತಿದ್ದರು. ಮಂದಗಿವಿಯವರ ಕೂಗು, ಮೂರು ಮನೆಗೆ ಕೇಳಿಸುತ್ತಿತ್ತು. ಚಹಾ ನನ್ನ ಕೈಯದೇ ಆಗಬೇಕು.

ಹೋದ ವರ್ಷ ಮೇ ತಿಂಗಳ ಕೊನೆ. ಮಳೆ ಇನ್ನೂ ಹಿಡಿದಿರಲಿಲ್ಲ. ಕಿತ್ತೂರು ದಾಟಿ ಪಶ್ಚಿಮಕ್ಕೆ ಹೋದರೆ ಅಡವಿ ಶುರುವಾಗುತ್ತದಲ್ಲ, ಆ ಕಡೆಯ ಒಂದು ಹಳ್ಳಿಯಲ್ಲಿ ಸಂಬಂಧಿಕರ ಮನೆಯ ಬಸುರಿಗೆ ಕುಬಸ. ನಾನು, ನಮ್ಮ ಮನೆಯವರು, ಮಾವನವರು, ಮೂವರೇ ಕಾರಿನಲ್ಲಿ ಹೋಗಿದ್ದೆವು. ಮಾವನವರು ಯುಗಾದಿಗೆ ತಾವೇ ಆರಿಸಿ ಕೊಟ್ಟಿದ್ದ ಸೀರೆ ಉಟ್ಟಿದ್ದೆ. ಹಸಿರು ಮೈ, ಕೆಂಪು ದಡಿ.

ಊಟ ಮುಗಿಸಿ, ಮಾತು ಮುಗಿಸಿ, ಅಲ್ಲಿಂದ ಹೊರಟಾಗ ಹೊತ್ತು ಇಳಿದಿತ್ತು. ಅಡವಿಯ ನಡುವಿನ ದಾರಿ. ಎರಡೂ ಕಡೆ ಸಾಗವಾನಿ, ಮತ್ತಿ, ಕೆಳಗೆ ಮುಳ್ಳು ಪೊದೆಯಂಥ ಕವಳಿ ಕಂಟಿಗಳು. ಕಂಟಿಗಳ ತುಂಬ ಕಪ್ಪಗೆ ಹಣ್ಣಾದ ಕವಳಿ ಕಂಡಿದ್ದೇ ಮಾವನವರು ಸೀಟಿನಲ್ಲಿ ಎದ್ದು ಕೂತರು.

"ಈರಣ್ಣಾ, ಗಾಡಿ ನಿಂದ್ರಸು. ಒಂದ ಚೂರ ಕವಳಿ ಹರಕೊಂಡ ಬರತೇನಿ."

"ಬಜಾರದಾಗ ಬುಟ್ಟಿಗಟ್ಟಲೆ ಬರತಾವಪಾ. ಹೊತ್ತ ಮುಣಗಾಕತ್ತೇತಿ."

"ಬಜಾರದಾಗಿನ್ವು ಹುಳೀನ. ನಿಂದ್ರಸಂದ್ರ ನಿಂದ್ರಸು."

ನಿಲ್ಲಿಸಿದರು. ಬಾಗಿಲು ತೆಗೆದದ್ದೇ ತಡ... ಆ ಸದ್ದು.

ಜೀರುಂಡೆಗಳು. ಬಯಲು ಸೀಮೆಯಲ್ಲಿ ಬೆಳೆದ ನಾನು ಅಂಥ ಸದ್ದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಂದೆರಡಲ್ಲ, ಮರ ಮರವೂ ಕೂಗುತ್ತಿತ್ತು. ಕಾಳು ಹಾಕದೆ ಓಡಿಸಿದ ಗಿರಣಿಯಂತೆ, ಒಂದೇ ಸಮ, ನಡುವೆ ಉಸಿರೇ ಇಲ್ಲದೆ. ಹಲ್ಲಿನ ಬೇರಿಗೆ ಹೋಗಿ ತಾಗುವಂಥ ಸದ್ದು. ಮಾವನವರು ಎರಡು ಹೆಜ್ಜೆ ಇಟ್ಟವರೇ ಕಿವಿ ಹಿಡಿದುಕೊಂಡರು.

"ಅಯ್ಯಯ್ಯ... ಮಷೀನಿನ್ಯಾಗ ತಲಿ ಒಡದ ಹೋಗ್ತೇತವ್ವಾ!"

ಮಷೀನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡರು. ನನ್ನ ಕಡೆ ನೋಡಿ ನಕ್ಕು, ಕೈಚೀಲ ಹಿಡಿದು ಕಂಟಿಗಳ ಸಂದಿಯಲ್ಲಿ ಒಳಗೆ ಹೋದರು. ಬಿಳಿ ಧೋತರ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಕಾಣಲಿಲ್ಲ.

ಈಗ ಬರುತ್ತಾರೆ, ಈಗ ಬರುತ್ತಾರೆ ಅಂತ ಕಾದೆವು. ಬರಲಿಲ್ಲ. ನಮ್ಮ ಮನೆಯವರು ಇಳಿದು "ಅಪ್ಪಾ!" ಅಂತ ಕೂಗಿದರು. ಕೂಗಿದ್ದು ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಿತು. ಸಿಟ್ಟಿಗೆದ್ದು ಕಾರಿನ ಹಾರ್ನ್ ಒತ್ತಿ ಹಿಡಿದರು.

"ಮಷೀನ ತಗದಾರ್ರಿ ಅವರು. ಹಾರನ್ ಹೊಡದ್ರ ಯಾರಿಗಿ ಕೇಳಬೇಕು?"

ಫೋನು ಮಾಡಿದರೆ ಫೋನು ಕಾರಿನ ಹಿಂದಿನ ಸೀಟಿನಲ್ಲೇ ಬೆಳಗಿತು.

ಇಬ್ಬರೂ ಒಳಗೆ ಹೋದೆವು, ಅವರು ಒಂದು ಕಡೆ, ನಾನು ಒಂದು ಕಡೆ. ಕವಳಿ ಮುಳ್ಳು ಸೀರೆಯನ್ನು ಹಿಡಿದು ಎಳೆಯುತ್ತಿತ್ತು. ಒಣಗಿದ ಸಾಗವಾನಿ ಎಲೆ ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. ಮುಗಿಲಲ್ಲಿ ಒಂದು ಮೋಡವಿಲ್ಲ, ಆದರೂ ಮರದ ಕೆಳಗೆ ನಿಂತರೆ ಮುಖದ ಮೇಲೆ ಸಣ್ಣ ಹನಿ ಬೀಳುತ್ತಿತ್ತು. ಅದು ಜೀರುಂಡೆಗಳು ಮೇಲಿನಿಂದ ಸಿಡಿಸುವ ನೀರಂತೆ, ಆಮೇಲೆ ಗೊತ್ತಾಯಿತು. ಮರದ ತೊಗಟೆಗೆ ಅವು ಬಿಟ್ಟುಹೋದ ಪೊರೆಗಳು ಕಚ್ಚಿಕೊಂಡಿದ್ದವು. ಬೆನ್ನು ಸೀಳಿದ, ಒಳಗೆ ಯಾರೂ ಇಲ್ಲದ ಪೊರೆಗಳು.

"ಮಾವಾರ್ರೀ... ಓ ಮಾವಾರ್ರೀ..."

ಗಂಟಲು ಹರಿಯಿತು. ಎಂಥ ಕೆಲಸ ನೋಡಿ, ಕೂಗುವವಳ ಕೂಗು ಗದ್ದಲದಲ್ಲಿ ಮುಳುಗುತ್ತದೆ, ಕೇಳಬೇಕಾದವರಿಗೆ ಕಿವಿಯೇ ಇಲ್ಲ. ಅವರೇನಾದರೂ ನಮ್ಮನ್ನು ಕೂಗಿದರೂ ನಮಗೆ ಕೇಳಿಸುವುದಿಲ್ಲ. ಮೈಯೆಲ್ಲ ಉರಿದುಹೋಯಿತು. ಒಂದು ಮರಕ್ಕೆ ಕೈ ಬೀಸಿ ಹೊಡೆದೇಬಿಟ್ಟೆ. "ಸುಮ್ಮಕಾಗ್ರಿ ಒಂದ ಚೂರು!" ಅಂತ ಹುಳಗಳಿಗೆ ಬೈದೆ.

ಆ ಒಂದು ಮರ ಸುಮ್ಮನಾಯಿತು. ಉಳಿದವು ಕೂಗುತ್ತಲೇ ಇದ್ದವು.

ಕಾರಿನ ಹತ್ತಿರ ವಾಪಸು ಬರುವಷ್ಟರಲ್ಲಿ ಕತ್ತಲಾಗಿತ್ತು. ನಮ್ಮ ಮನೆಯವರ ಅಂಗಿ ಹರಿದಿತ್ತು. ಇಬ್ಬರಿಗೂ ಜಗಳ.

"ನಡಿ, ಹಳ್ಳಿಗೆ ಹೋಗಿ ಮಂದಿ ಕರಕೊಂಡ ಬರೂನು. ಇಲ್ಲಿ ಫೋನಿಗೆ ರೇಂಜೂ ಇಲ್ಲ."

"ನೀವು ಹೋಗ್ರಿ. ಅವರು ಹೊರಗ ಬಂದ್ರ ಇಲ್ಲಿ ಯಾರೂ ಇಲ್ಲಂದ್ರ ಏನ್ ಮಾಡಬೇಕು?"

"ಹುಚ್ಚಿ ಅದೀ ಏನ? ಒಬ್ಬಾಕಿನ ಬಿಟ್ಟ ಹೆಂಗ ಹೋಗ್ಲಿ?"

"ಶುಗರ್ ಐತಿ ಅವರಿಗೆ. ಮಾತಾಡಕೋತ ನಿಂದ್ರಬ್ಯಾಡ್ರಿ, ಹೋಗ್ರಿ ಲಗೂನ!"

ಕಾರಿನಲ್ಲಿದ್ದ ದೊಡ್ಡ ಬ್ಯಾಟರಿ ದೀಪ ನನ್ನ ಕೈಗೆ ಕೊಟ್ಟು ಹೋದರು. ಕಾರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ನಾನೊಬ್ಬಳೇ ಉಳಿದೆ.

ಸುಮ್ಮನೆ ನಿಲ್ಲಲು ಆಗಲಿಲ್ಲ. ರಸ್ತೆಯ ಬದಿ ಬಿಟ್ಟು ಸ್ವಲ್ಪ ಒಳಗೆ ಹೋದೆ. ಆಗ ಒಂದು ವಿಷಯ ತಲೆಗೆ ಬಂತು. ನಾನು ಯಾವ ಮರದ ಹತ್ತಿರ ಹೋಗುತ್ತೇನೋ ಆ ಮರದ ಜೀರುಂಡೆಗಳು ಬಾಯಿ ಮುಚ್ಚುತ್ತಿದ್ದವು. ದಾಟಿ ಮುಂದೆ ಹೋದ ಮೇಲೆ ಹಿಂದಿನಿಂದ ಮತ್ತೆ ಶುರು. ಅಂದರೆ ನನ್ನ ಸುತ್ತ ಒಂದು ಸಣ್ಣ ಮೌನ ನನ್ನ ಜೊತೆಯಲ್ಲೇ ನಡೆಯುತ್ತಿತ್ತು. ಯಾರು ನಡೆದರೂ ಹಾಗೆಯೇ ಆಗಬೇಕು, ಅಲ್ಲವೇ?

ನಿಂತು ಕಣ್ಣು ಮುಚ್ಚಿದೆ. ಗದ್ದಲವನ್ನೇ ಕೇಳಿದೆ.

ಬಲಗಡೆ, ದೂರದಲ್ಲಿ... ಗದ್ದಲದಲ್ಲಿ ಒಂದು ತೂತು.

ಅಷ್ಟು ಜಾಗ ಮಾತ್ರ ಸುಮ್ಮನಿತ್ತು. ಸುಮ್ಮನಿದ್ದದ್ದು ಮೆಲ್ಲಗೆ ಸರಿಯುತ್ತಿತ್ತು. ಮುಂದಿನ ಮರಗಳು ಬಾಯಿ ಮುಚ್ಚುತ್ತಿದ್ದವು, ಹಿಂದಿನವು ಮತ್ತೆ ಕೂಗುತ್ತಿದ್ದವು. ಮನುಷ್ಯ ನಡೆಯುವ ವೇಗ.

ನನಗಾದ ಸಂತೋಷ ಹೇಳಲಾರೆ. ಮಾವನವರು! ನಡೆಯುತ್ತಿದ್ದಾರೆ, ದಾರಿ ತಪ್ಪಿ ಅಲ್ಲೇ ಸುತ್ತುತ್ತಿದ್ದಾರೆ! ಬ್ಯಾಟರಿ ಆಡಿಸುತ್ತ ಓಡಿದೆ. ಬೆಳಕನ್ನಾದರೂ ನೋಡಲಿ ಅಂತ. ನಾನು ಓಡಿದರೂ ಅದು ಅಷ್ಟೇ ದೂರದಲ್ಲಿ ಉಳಿಯಿತು. ನಾನು ನಿಂತರೆ ಅದು ನಿಂತಿತು. ನಾನು ಹೊರಟರೆ ಅದು ಹೊರಟಿತು. ಒಮ್ಮೆ ಎಡಕ್ಕೆ ಹೊರಳಿ ದೊಡ್ಡ ಸುತ್ತು ಹಾಕಿ ಮತ್ತೆ ಮೊದಲಿನ ಜಾಗಕ್ಕೇ ಬಂತು. ಏನನ್ನೋ ಸುತ್ತು ಹಾಕುತ್ತಿದೆ ಅನ್ನಿಸಿತು.

"ಮಾವಾರ್ರೀ, ನಿಂದರ್ರಿ! ಹಿಂಗ ತಿರಗಬ್ಯಾಡ್ರಿ!" ಅಳು ಬಂದಿತ್ತು. ಬೆಳಕು ಹಾಯುವಲ್ಲೆಲ್ಲ ಬರೀ ಬೊಡ್ಡೆ, ಬರೀ ಕಂಟಿ. ಬಿಳಿ ಧೋತರದ ಒಂದು ಚೂರೂ ಇಲ್ಲ.

ಕೊನೆಗೆ ಹಿಂದೆ ಬೀಳುವುದು ಬಿಟ್ಟು ಅಡ್ಡ ಹೋದೆ. ಅದು ಸುತ್ತು ಹಾಕಿ ಬರುವ ದಾರಿಗೆ ಹೋಗಿ, ಒಂದು ಮತ್ತಿ ಮರಕ್ಕೆ ಬೆನ್ನು ಕೊಟ್ಟು ನಿಂತೆ. ಬಂತು. ಎದುರಿನ ಮರಗಳು ಒಂದೊಂದಾಗಿ ಸುಮ್ಮನಾಗುತ್ತ ಬಂದವು. ನನ್ನ ಮೌನ, ಅದರ ಮೌನ ಕೂಡಿಕೊಂಡವು. ಈಗ ಎದುರಿಗೇ ಇರಬೇಕು. ಬ್ಯಾಟರಿ ಎತ್ತಿದೆ.

ಯಾರೂ ಇಲ್ಲ.

ಆಗ ನನಗೆ ಹೊಳೆದದ್ದು ಇದು... ಆ ನೆಲದ ತುಂಬ ಒಣ ಎಲೆ. ನಾನು ಒಂದು ಹೆಜ್ಜೆ ಇಟ್ಟರೂ ಚರಪರ ಅನ್ನುತ್ತದೆ. ಈಗ ಹತ್ತಿರ ಯಾವ ಹುಳವೂ ಕೂಗುತ್ತಿಲ್ಲ, ಎಲೆಯ ಸದ್ದು ಕೇಳಿಸಲೇಬೇಕು. ಒಂದು ಎಲೆಯೂ ಮುರಿಯಲಿಲ್ಲ. ಬಿಸಿಲಿಗೆ ಕಾದ ತೊಗಟೆಯ ವಾಸನೆ, ಮುರಿದ ಕವಳಿ ಟೊಂಗೆಯ ಹಾಲಿನ ವಾಸನೆ, ಅದರ ಜೊತೆಗೆ ಇನ್ನೊಂದು... ಕುಬಸದ ಮನೆಯಲ್ಲಿ ನನಗೆ ಮುಡಿಸಿದ್ದ ಮಲ್ಲಿಗೆಯ ವಾಸನೆ. ನನ್ನ ಮುಡಿಯದಲ್ಲ. ಅದು ಎದುರಿನಿಂದ ಬಂತು, ಪಕ್ಕದಲ್ಲಿ ಹಾಯ್ದು, ಹಿಂದಕ್ಕೆ ಹೋಯಿತು.

ನನ್ನ ಹಿಂದಿನ ಮರಗಳು ಸುಮ್ಮನಾದವು. ಆಮೇಲೆ ಅವುಗಳ ಹಿಂದಿನವು.

ಓಡಿಹೋಗಬೇಕಿತ್ತು. ಓಡಲಿಲ್ಲ. ಧೈರ್ಯ ಅಂತ ತಿಳಿಯಬೇಡಿ. ಅಷ್ಟು ಹೊತ್ತು ಹುಡುಕಿ, ಕೂಗಿ, ಸಿಕ್ಕ ಒಂದೇ ದಾರಿ ಅದಾಗಿತ್ತು. ಹಲ್ಲು ಕಚ್ಚಿಕೊಂಡು ಹಿಂದೆ ನಡೆದೆ. ಈ ಸಲ ಅದು ಸುತ್ತು ಹಾಕಲಿಲ್ಲ. ನೆಟ್ಟಗೆ ಹೋಗಿ ಒಂದು ಕಡೆ ನಿಂತಿತು. ನಿಂತೇ ಉಳಿಯಿತು.

ಅಲ್ಲಿ ದೊಡ್ಡ ಕವಳಿ ಕಂಟಿ. ಅದರ ಬುಡದಲ್ಲಿ ಕಾಲು ಚಾಚಿಕೊಂಡು ಮಾವನವರು ಕೂತಿದ್ದರು. ಹಣ್ಣಿನ ಚೀಲ ತೊಡೆಯ ಮೇಲಿತ್ತು. ಪಾದ ಬಾತು ಹೊರಳಿತ್ತು. ನಡೆಯುವ ಮಾತು ದೂರ, ಆ ಕಾಲನ್ನು ನೆಲಕ್ಕೆ ಊರಲೂ ಆಗುವಂತಿರಲಿಲ್ಲ.

"ಮಾವಾರ್ರೀ!"

ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಆಮೇಲೆ ತಮ್ಮ ಎಡಗಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮತ್ತೆ ನನ್ನನ್ನು ನೋಡಿದರು. ಎಬ್ಬಿಸಲು ಕೈ ಚಾಚಿದೆ... ಅವರು ಕೈ ಹಿಂದಕ್ಕೆ ಎಳೆದುಕೊಂಡರು.

ಜೇಬಿನಿಂದ ಮಷೀನು ತೆಗೆದು ಕಿವಿಗೆ ನಾನೇ ಹಾಕಿದೆ. "ನಾನ್ರಿ, ಸುಮಾ. ಕಾಲಿಗೇನಾತು? ಎಷ್ಟ ಹುಡಕಿದೆ ನಿಮ್ಮನ್ನ!"

ಅವರು ಮತ್ತೆ ತಮ್ಮ ಎಡಗಡೆಯ ಖಾಲಿ ಜಾಗ ನೋಡಿದರು.

ಆಮೇಲೆ ನಮ್ಮ ಮನೆಯವರ ದೀಪಗಳು ಕಂಡವು. ಹಳ್ಳಿಯ ಮೂರು ನಾಲ್ಕು ಜನ ಬಂದಿದ್ದರು. ಮಾವನವರನ್ನು ಹೊತ್ತುಕೊಂಡು ಹೊರಟೆವು. ನಾವು ದಾಟಿದ ಮೇಲೆ ಹಿಂದಿನ ಮರಗಳು ಎಂದಿನಂತೆ ಕೂಗಲು ಶುರು ಮಾಡಿದವು, ಎಲ್ಲ ಕಡೆಯೂ... ಆ ಕವಳಿ ಕಂಟಿಯ ಹತ್ತಿರ ಒಂದು ಬಿಟ್ಟು. ಅಷ್ಟು ಜಾಗ ಸುಮ್ಮನೆಯೇ ಉಳಿಯಿತು. ಹಳ್ಳಿಯವರಲ್ಲಿ ಒಬ್ಬ ನಿಂತು ತಿರುಗಿ ನೋಡಿದ.

"ಅಲ್ಲಿ ಮತ್ತ್ಯಾರರೆ ಅದಾರೇನ್ರಿ?" ಅಂದ.

"ಯಾರೂ ಇಲ್ಲೋ ಮಾರಾಯಾ, ನಡಿ," ಅಂದರು ನಮ್ಮ ಮನೆಯವರು.

ಮಾವನವರು ಮಾತ್ರ ಹೊತ್ತವರ ಹೆಗಲ ಮೇಲಿಂದ ಕುತ್ತಿಗೆ ಹೊರಳಿಸಿ, ಕಾಣುವವರೆಗೂ ಆ ಕಡೆಯೇ ನೋಡುತ್ತಿದ್ದರು.

ಇಲ್ಲಿಗೆ ಮುಗಿದಿದ್ದರೆ ನಾನೂ ಕಾಡುಹಂದಿ ಅಂತ ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ಚಹಾ ಒಯ್ದೆ. ಮಾವನವರು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲಿದ್ದರು. ಯಾವಾಗಲೂ ಕೈ ಚಾಚಿ ಬಟ್ಟಲು ಇಸಿದುಕೊಳ್ಳುವವರು, ಕೈ ಚಾಚಲಿಲ್ಲ.

"ಅಲ್ಲೇ ಇಡ್ರಿ," ಅಂದರು.

ಇಡ್ರಿ! ನನಗೆ! ಮದುವೆಯಾಗಿ ಬಂದ ದಿನದಿಂದ 'ಬಾರವ್ವಾ, ಹೋಗವ್ವಾ, ಕೊಡವ್ವಾ' ಅಂದವರು, ಅಂಗಡಿಗೆ ಬಂದ ಪರ ಊರಿನ ಹೆಂಗಸಿನ ಜೊತೆ ಮಾತಾಡುವ ಹಾಗೆ 'ಇಡ್ರಿ' ಅಂದರು.

ಸಿಟ್ಟಾಗಿದ್ದಾರೆ ಅಂದುಕೊಂಡೆ. ಅಷ್ಟು ಹೊತ್ತು ಅಡವಿಯಲ್ಲಿ ಕೂರಿಸಿದೆವಲ್ಲ, ಇರಲಿ, ಇಳಿಯುತ್ತದೆ. ಇಳಿಯಲಿಲ್ಲ. ಕಾಲು ನೆಟ್ಟಗಾಯಿತು, ಅಂಗಡಿಗೆ ಹೋಗುವುದು ಶುರುವಾಯಿತು, ಓಣಿಯ ತಿರುವಿನ ಕೂಗು ಮಾತ್ರ ನಿಂತೇಹೋಯಿತು. ಹಾದಿಗೆ ಅಡ್ಡ ಬಂದರೆ ಸರಿದು ನಿಲ್ಲುವರು. ಊಟಕ್ಕೆ ಬಡಿಸಿದರೆ "ಸಾಕ್ರಿ, ಸಾಕ್ರಿ." ಕೆಟ್ಟದಾಗಿ ಒಂದು ಮಾತಿಲ್ಲ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಇಷ್ಟು ಮರ್ಯಾದೆ ಕೊಡುವವರ ಜೊತೆ ಹೇಗೆ ಜಗಳ ಮಾಡುವುದು?

ನಮ್ಮ ಮನೆಯವರಿಗೆ ಹೇಳಿದೆ. "ವಯಸ್ಸಾತು, ಸಣ್ಣ ಹುಡುಗರಂಗ ಸೆಟಗೊಂಡಿರತಾರ. ನೀ ಮನಸಿಗಿ ಹಚಗೋಬ್ಯಾಡ," ಅಂದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಏನೇನೋ ಕೇಳಿದರು. ಮಾವನವರು ಪಟಪಟ ಉತ್ತರ ಕೊಟ್ಟು, ಹೊರಡುವಾಗ ಡಾಕ್ಟರ ಅಂಗಿಯ ಬಟ್ಟೆ ಮುಟ್ಟಿ ನೋಡಿ, ತೊಳೆದರೆ ಇದು ಜಗ್ಗುತ್ತದೆ ಅಂತ ಹೇಳಿ ಬಂದರು. "ಇವರ ತಲೆ ನನಗಿಂತ ಚೆನ್ನಾಗಿದೆ," ಅಂದರು ಡಾಕ್ಟರು.

ಈ ವರ್ಷ ಯುಗಾದಿ ಬಂತು. ನನಗೆ ಸೀರೆ ತರಲಿಲ್ಲ. ಅವತ್ತು ತಡೆಯಲಾಗಲಿಲ್ಲ. ಮನೆಯಲ್ಲಿ ಇಬ್ಬರೇ ಇದ್ದಾಗ ಅವರ ಮಂಚದ ಎದುರು ನೆಲದ ಮೇಲೆ ಕೂತೆ.

"ಮಾವಾರ್ರೀ, ನನ್ನಿಂದೇನ ತಪ್ಪಾಗೇತಿ ಹೇಳ್ರಿ. ಹೆಸರ ಹಿಡದ ಕರದ ಎಷ್ಟ ದಿನಾತು ನೀವು?"

"ನಿಮ್ಮದೇನೂ ತಪ್ಪಿಲ್ರಿ."

"ಮತ್ತ್ಯಾಕ 'ರೀ' ಹಚ್ಚತೀರಿ? ನಾ ಏನ್ ಹೊರಗಿನಾಕ್ಯಾ?"

ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಈರಣ್ಣನ ಮುಂದ ಹೇಳಬ್ಯಾಡ್ರಿ. ಅಂವಾ ನನ್ನ ಮತ್ತ ದವಾಖಾನಿಗೆ ಒಯ್ತಾನ... ಆವತ್ತ ನಾ ಬಿದ್ದ ಮ್ಯಾಲ ನಮ್ಮ ಸುಮವ್ವ ಬಂದಿದ್ಲ್ರಿ. ನನ್ನ ಮುಂದಿಂದನ ಹಾದ ಹೋದ್ಲು. ಕರದೆ. ತಿರುಗಿ ನೋಡ್ಲಿಲ್ಲ. ಮತ್ತ ಬಂದ್ಲು, ಮತ್ತ ಹೋದ್ಲು. ನನ್ನ ಸುತ್ತಾನ ತಿರಗತಿದ್ಲು. ಕಡೀಕ ಬಂದು ನನ್ನ ಬಾಜೂಕ ಕುಂತು ಕೈ ಹಿಡಕೊಂಡ್ಲು."

"ಕತ್ತಲಾಗ ನೀವು ಯಾರನ್ನ ನೋಡಿದ್ರೋ..."

"ಹಸರ ಸೀರಿ, ಕೆಂಪ ದಡಿ. ನಾನ ಆರಿಸಿ ಕೊಟ್ಟ ಸೀರಿ ನನಗ ಗುರ್ತ ಸಿಗೂದಿಲ್ಲೇನ್ರಿ? ಮಾರೀನೂ ನೋಡೇನಿ. ನಮ್ಮಾಕೀನ. ಏನೋ ಹೇಳತಿದ್ಲು, ಬಾಯಿ ಆಡಸತಿದ್ಲು... ಮಷೀನ ಕಿಸೇದಾಗಿತ್ತ ನೋಡ್ರಿ, ನನಗೊಂದೂ ಕೇಳಸಲಿಲ್ಲ. ಹಾಕ್ಕೋಬೇಕಂದ್ರ ಕೈ ಬಿಡವಲ್ಲಳು. ಅಷ್ಟರಾಗ ನೀವು ಬ್ಯಾಟ್ರಿ ಹಿಡಕೊಂಡ ಬಂದ್ರಿ."

"ನಾನ ಸುಮಾ ರೀ, ಮಾವಾರ್ರೀ..."

"ಹಂಗಂತ ನಾನೂ ಅನಕೋತೇನ್ರಿ. ದಿನಾ ಅನಕೋತೇನಿ."

ಏನು ಹೇಳಿ ನಂಬಿಸಲಿ? ನಾನು ನಾನೇ ಅನ್ನುವುದಕ್ಕೆ ನನ್ನ ಹತ್ತಿರ ಏನಿದೆ? ಮದುವೆಯಾದ ಹೊಸದರಲ್ಲಿ ನಾನು ಹಾಲು ಉಕ್ಕಿಸಿದಾಗ, ಉಕ್ಕಿಸಿದ್ದು ತಾವೇ ಅಂತ ಅತ್ತೆಯ ಮುಂದೆ ಸುಳ್ಳು ಹೇಳಿ ನನ್ನನ್ನು ಉಳಿಸಿದ್ದರು. ಆ ವಿಷಯ ನಮ್ಮಿಬ್ಬರಿಗೆ ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳಿದೆ. ಅತ್ತೆ ತೀರಿಕೊಂಡ ದಿನ ಅಡಿಗೆಮನೆಯಲ್ಲಿ ನನ್ನ ಮುಂದೆ ಅತ್ತದ್ದನ್ನು ಹೇಳಿದೆ. ಮಾತಾಡುತ್ತ ಮಾತಾಡುತ್ತ ನನ್ನ ದನಿಯೇ ಕಿರುಚಾಟವಾಗಿತ್ತು.

ಅವರ ಕಣ್ಣು ತುಂಬಿದವು. ಒಂದು ಕ್ಷಣ ಗೆದ್ದೆ ಅಂದುಕೊಂಡೆ.

"ಎಲ್ಲಾ ನೆಪ್ಪ ಅದಾವ್ರಿ ನಿಮಗ," ಅಂದರು ಮೆಲ್ಲಗೆ. "ನೀವು ಛಲೋ ಮಂದಿ. ಮನಿ ಛಂದ ನೋಡಕೊಂಡೀರಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನಮ್ಮಾಕಿಗೂ ಇವೆಲ್ಲಾ ನೆಪ್ಪಿರತಾವಲ್ರಿ. ಅಲ್ಲಿ ಒಬ್ಬಾಕೀನ ಕುಂತ ನೆನಸ್ತಿರತಾಳ."

ಅದಾದ ಮೇಲೆ ಆ ಮಾತು ಇಬ್ಬರೂ ಎತ್ತಿಲ್ಲ. ಕನ್ನಡಿಯ ಮುಂದೆ ನಿಂತಾಗ ಮಾತ್ರ ನಾನು ಈಗ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅವರ ಮೇಲೆ ಸಿಟ್ಟು ಬರುತ್ತದೆ. ಆ ಸಿಟ್ಟು ಬಂದಾಗ, ಅಡವಿಯಲ್ಲಿ ನನ್ನ ಪಕ್ಕ ಹಾಯ್ದು ಹೋದ ಮಲ್ಲಿಗೆಯ ವಾಸನೆ ನೆನಪಾಗಿ, ಮುಂದಿನ ಮಾತು ಬಾಯಿಂದ ಹೊರಡುವುದಿಲ್ಲ.

ಈಗ ಮತ್ತೆ ಮೇ ತಿಂಗಳ ಕೊನೆ. ಕವಳಿ ಹಣ್ಣಾಗಿದ್ದಾವೆ, ಮಳೆ ಹಿಡಿಯುವ ಮೊದಲು ಒಮ್ಮೆ ಹೋಗಿ ಬರೋಣ ಅಂತ ಮಾವನವರು ಮಗನ ಬೆನ್ನು ಹತ್ತಿದ್ದಾರೆ. ಅಪ್ಪ ಹಳೆಯದನ್ನು ಮರೆತು ಮತ್ತೆ ತಿರುಗಾಡುವ ಮನಸ್ಸು ಮಾಡಿದನಲ್ಲ ಅಂತ ನಮ್ಮ ಮನೆಯವರಿಗೆ ಖುಷಿಯೋ ಖುಷಿ. ರವಿವಾರ ಹೋಗುವುದು ಅಂತ ನಿಕ್ಕಿಯಾಗಿದೆ. "ನೀನೂ ಬಾ, ಹಿಂದಿನ ಹೆದರಿಕೀನೂ ಹೋಗ್ತೇತಿ," ಅನ್ನುತ್ತಾರೆ.

ನಿನ್ನೆ ಸಂಜೆ ಮಾವನವರು ಬಜಾರದಿಂದ ಒಂದು ಡಬ್ಬಿ ತಂದು ಮಂಚದ ಕೆಳಗಿಟ್ಟರು. ಇವತ್ತು ಕಸ ಹೊಡೆಯುವಾಗ ಕಂಡಿತು. ತೆಗೆದು ನೋಡಿದೆ. ಹೆಂಗಸರ ಚಪ್ಪಲಿ, ಹೊಸವು. ಹಾಕಿ ನೋಡಿದೆ... ನನ್ನ ಅಳತೆಗೇ ಹೊಲಿದಂತೆ ಕೂತವು. ಸುಳ್ಳು ಹೇಳುವುದಿಲ್ಲ, ಎದೆ ತುಂಬಿ ಬಂತು. ಇಷ್ಟು ದಿನದ ಮೇಲೆ ನನಗೆ ಅಂತ ಏನನ್ನೋ ತಂದಿದ್ದಾರೆ! ಕಾಲಿಂದ ತೆಗೆಯದೆ ಹಾಗೇ ಅವರ ಎದುರು ಹೋಗಿ ನಿಂತೆ.

"ಮಾವಾರ್ರೀ, ನನಗ ತಂದೀರೇನ್ರಿ?"

ಅವರು ನನ್ನ ಕಾಲು ನೋಡಿದರು. ಮುಖ ಸಣ್ಣದಾಯಿತು. ಬಹಳ ಸಂಕೋಚದಿಂದ, ಬೇರೆಯವರ ಮನೆಯ ಹೆಣ್ಣುಮಗಳಿಗೆ ಇಲ್ಲ ಅನ್ನುವಾಗ ಹೇಗೆ ಹೇಳುತ್ತಾರೋ ಹಾಗೆ ಹೇಳಿದರು:

"ಬಿಡ್ರಿ ಅವನ್ನ. ಆಕಿ ಬರಿಗಾಲಲೆ ಅದಾಳ... ಅಲ್ಲಿ ಮುಳ್ಳ ಭಾಳ ಅದಾವ್ರಿ."